ವಸ್ತುವಿನ ಸದ್ದು, ಆಲಿಸುವ ಕಿವಿ: ಸ್ಪ್ಯಾನಿಷ್ ಧ್ವನಿಕ್ರಿಯಾಪದಗಳ ಒಂದು ಜಾನಪದೀಯ ಓದು

ಎಣ್ಣೆ ಕಾಣದ ಬಾಗಿಲ ಕೀಲು, ಒಲೆಯಲ್ಲಿ ಉರಿಯುವ ಕಟ್ಟಿಗೆ, ಕಾಲಡಿಯ ಒಣಗಿದ ಎಲೆ, ಇಗರ್ಜಿಯ ಗೋಪುರದ ಗಂಟೆ, ಎತ್ತಿನ ಗಾಡಿಯ ಅಚ್ಚು - ಇವು ಹೊರಡಿಸುವ ಸದ್ದುಗಳಿಗೆ ಸ್ಪ್ಯಾನಿಷ್ ಭಾಷೆಯಲ್ಲಿ ಬೇರೆಬೇರೆ ಕ್ರಿಯಾಪದಗಳಿವೆ. ಭಾಷೆ ಕಲಿಯುವವರಿಗಾಗಿ ಸಿದ್ಧಪಡಿಸಿದ ಕೈಪಿಡಿಗಳು ಇವನ್ನು ಸಾಮಾನ್ಯವಾಗಿ ಒಂದು ಪಟ್ಟಿಯಾಗಿ ಕೊಡುತ್ತವೆ. ಎಡಗಡೆ ವಸ್ತು, ಬಲಗಡೆ ಅದಕ್ಕೆ ಸಲ್ಲುವ ಕ್ರಿಯಾಪದ. ಬಾಗಿಲಿಗೆ ಇದು, ಬೆಂಕಿಗೆ ಅದು ಎಂದು ಕಂಠಪಾಠ ಮಾಡಿಕೊಂಡರೆ ಸರಿಯಾದ ಪದ ಕೈಗೆ ಸಿಕ್ಕೀತೆಂಬುದು ಈ ಪಟ್ಟಿಗಳ ಹಿಂದಿರುವ ನಂಬಿಕೆ. ಪ್ರಾರಂಭಿಕ ಕಲಿಕೆಗೆ ಇದು ಸಾಕು. ಆದರೆ ಜನಸಮುದಾಯವೊಂದು ತನ್ನ ಸದ್ದುಗಳನ್ನು ಹೇಗೆ ಆಲಿಸಿತು, ಹೇಗೆ ಬಳಸಿಕೊಂಡಿತು ಎಂಬುದನ್ನು ಅರಿಯಬಯಸುವ ಜಾನಪದ ಅಭ್ಯಾಸಿಗೆ ಈ ಪಟ್ಟಿ ಎಡವುಗಲ್ಲಾಗುತ್ತದೆ. ಕ್ರಿಯಾಪದದ ಆಯ್ಕೆಯನ್ನು ವಸ್ತುವೊಂದೇ ನಿರ್ಧರಿಸುವುದಿಲ್ಲ. ಒಂದೇ ವಸ್ತುವಿನ ಒಂದೇ ಸದ್ದಿಗೆ ಕೇಳುವವರನ್ನನುಸರಿಸಿ ಪದ ಬದಲಾಗುತ್ತದೆ. ಈ ಮಾತನ್ನು ಗಾಡಿಯ ಅಚ್ಚು, ಗೋಪುರದ ಗಂಟೆ ಹಾಗೂ ಒಂದು ಕಾದಂಬರಿಯ ಪ್ರಸಂಗದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ವ್ಯಾಕರಣದ ಸಂಗತಿ. ಕನ್ನಡದಲ್ಲಿ ಸದ್ದನ್ನು ಸೂಚಿಸಲು ಅನುಕರಣಾವ್ಯಯಗಳ ದೊಡ್ಡ ಸಂಪತ್ತೇ ಇದೆ. ಹದಿಮೂರನೆಯ ಶತಮಾನದ ಕೇಶಿರಾಜನ ಕಾಲದಿಂದಲೂ ನಮ್ಮ ವ್ಯಾಕರಣಕಾರರು ಇವನ್ನು ಗುರುತಿಸಿದ್ದಾರೆ. ಎಂ.ಬಿ. ಎಮೆನೊ ಅವರು 1969ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಇಂಥ ಧ್ವನ್ಯನುಕರಣ ರೂಪಗಳು, ವಿಶೇಷವಾಗಿ ದ್ವಿರುಕ್ತಿಯುಳ್ಳವು, ದ್ರಾವಿಡ ಮತ್ತು ಇಂಡೋ-ಆರ್ಯನ್ ಭಾಷೆಗಳೆರಡಕ್ಕೂ ಸಾಮಾನ್ಯವಾದ, ಭಾರತೀಯ ಭಾಷಾವಲಯದ ಲಕ್ಷಣವೆಂದು ತೋರಿಸಿದರು. ನಮ್ಮಲ್ಲಿ ಗೆಜ್ಜೆ 'ಘಲ್ಲೆನ್ನುತ್ತದೆ', ಬಾಗಿಲು 'ದಢಾರೆನ್ನುತ್ತದೆ'. ಅಂದರೆ ವಸ್ತುವು ತನ್ನ ಸದ್ದನ್ನು ತಾನೇ 'ಎನ್ನುತ್ತದೆ', ಮಾತಾಡುತ್ತದೆ. ಸ್ಪ್ಯಾನಿಷ್‌ನಲ್ಲಿಯೂ ಇದಕ್ಕೆ ಹತ್ತಿರದ ಒಂದು ರಚನೆಯಿದೆ. ಆದರೆ ಅಲ್ಲಿ ಬಳಕೆಯಾಗುವ ಕ್ರಿಯಾಪದ 'ಅಸೇರ್', ಎಂದರೆ ಮಾಡು. ಕೊಂಬೆ 'ಕ್ರಾಕ್' ಮಾಡುತ್ತದೆ, ಗಡಿಯಾರ 'ತಿಕ್‌ತಾಕ್' ಮಾಡುತ್ತದೆ. ನಮ್ಮ ವಸ್ತುಗಳು ನುಡಿಯುವಲ್ಲಿ ಅವರ ವಸ್ತುಗಳು ಮಾಡುತ್ತವೆಂಬ ಈ ವ್ಯತ್ಯಾಸ ಕುತೂಹಲಕರವಾದರೂ ಅದರ ಮೇಲೆ ದೊಡ್ಡ ಸಿದ್ಧಾಂತವನ್ನು ಕಟ್ಟಲು ಹೋಗಬಾರದು. ಮುಖ್ಯ ಸಂಗತಿಯೆಂದರೆ, ಸ್ಪ್ಯಾನಿಷ್‌ನ ಗಂಭೀರ ಗದ್ಯ ಮತ್ತು ನಿತ್ಯದ ಮಾತು ಎರಡೂ ಈ ರಚನೆಗಿಂತ ಪೂರ್ಣಪ್ರಮಾಣದ ಕ್ರಿಯಾಪದಗಳನ್ನೇ ಹೆಚ್ಚು ನೆಚ್ಚಿಕೊಂಡಿವೆ. ನಮ್ಮ 'ಕಿರುಗುಟ್ಟು', 'ಲೊಚಗುಟ್ಟು', 'ಮೊಳಗು', 'ಗುಡುಗು' ಮೊದಲಾದವು ಈ ಜಾತಿಯವು.

ಈ ಕ್ರಿಯಾಪದಗಳ ನಡುವೆ 'ಸೊನಾರ್' ಎಂಬುದು ಎಲ್ಲಕ್ಕೂ ಸಲ್ಲುವ, ಯಾವ ಬಣ್ಣವೂ ಇಲ್ಲದ ಪದ. ದೂರವಾಣಿ, ಗುಂಡಿನ ಸದ್ದು, ಸಂಗೀತ ಎಲ್ಲಕ್ಕೂ ಇದು ನಡೆಯುತ್ತದೆ. ಒಬ್ಬರ ಹೆಸರನ್ನು ಎಲ್ಲೋ ಕೇಳಿದ ನೆನಪಿದೆ ಎನ್ನಲು ಆ ಹೆಸರು 'ನನಗೆ ಸದ್ದಾಗುತ್ತದೆ' ಎಂದೇ ಹೇಳುವುದುಂಟು. ಇದರಿಂದಾಚೆಗೆ ವಿಂಗಡಣೆ ಆರಂಭವಾಗುತ್ತದೆ. ಮರದ ತೊಲೆ, ಒಣ ಎಲೆ, ರೇಷ್ಮೆ ಬಟ್ಟೆ, ರೊಟ್ಟಿಯ ಮೇಲ್ಪದರ - ಇವು 'ಕ್ರುಹೀರ್'. ಇದರಿಂದಲೇ ಹುಟ್ಟಿದ 'ಕ್ರುಹಿಯೆಂತೆ' ಎಂಬ ವಿಶೇಷಣ ಚೆನ್ನಾಗಿ ಬೆಂದ ರೊಟ್ಟಿಯ ಗುಣವಾಚಕ. ನಮ್ಮ 'ಗರಿಗರಿ' ದೋಸೆಯೂ ಹೀಗೆಯೇ ಹಲ್ಲಿನ ನಡುವಣ ಸದ್ದಿನಿಂದ ಹೆಸರು ಪಡೆದದ್ದು. ನಾಲಗೆಗಿಂತ ಮೊದಲು ಕಿವಿಯೇ ರುಚಿ ನೋಡುತ್ತದೆ. ಉರಿಯುವ ಕಟ್ಟಿಗೆಗೆ 'ಕ್ರೆಪಿತಾರ್' ಎಂಬ ಲ್ಯಾಟಿನ್ ಮೂಲದ, ತುಸು ಗ್ರಾಂಥಿಕವಾದ ಪದ. ಕಾದೆಣ್ಣೆ ಸಿಡಿದರೆ 'ಚಿಸ್ಪೊರ್ರೊತೆಯಾರ್'. ಅದರೊಳಗೆ 'ಚಿಸ್ಪ', ಎಂದರೆ ಕಿಡಿ, ಇದೆ. ಹೀಗಾಗಿ ಅದು ಕಿವಿಯಷ್ಟೇ ಕಣ್ಣಿಗೂ ಸೇರಿದ ಪದ.

ಹಲ್ಲುಗಳ ವಿಷಯವನ್ನು ಗಮನಿಸಬೇಕು. ಹಲ್ಲಿಗೆ ಹಲ್ಲು ತಾಗುವ ಸದ್ದು ಭೌತಿಕವಾಗಿ ಹೆಚ್ಚು ಭಿನ್ನವಲ್ಲ. ಆದರೆ ಚಳಿಗೋ ಹೆದರಿಕೆಗೋ ಹಲ್ಲು ಕಟಕಟಿಸಿದರೆ 'ಕಸ್ತನ್ಯೆತೆಯಾರ್' - ಕೈಯಲ್ಲಿ ಹಿಡಿದು ನುಡಿಸುವ ಕಸ್ತನ್ಯೆತ ಎಂಬ ಮರದ ತಾಳದಿಂದ ಬಂದದ್ದು. ಸಿಟ್ಟಿನಿಂದಲೋ ನಿದ್ದೆಯಲ್ಲೋ ಮಸೆದರೆ 'ರೆಚಿನಾರ್'. ನರಕಯಾತನೆಯ ಹಲ್ಲುಕಡಿತವನ್ನು ಹೇಳುವ ಸುವಾರ್ತೆಯ ಮಾತಿಗೆ ಬೈಬಲಿನ ಒಂದು ಅನುವಾದ ಪರಂಪರೆ 'ರೆಚಿನಾರ್' ಎಂದರೆ ಇನ್ನೊಂದು 'ಕ್ರುಹೀರ್' ಎನ್ನುತ್ತದೆ. ವಸ್ತು ಒಂದೇ ಆದರೂ ದೇಹದ ಸ್ಥಿತಿಗೆ ತಕ್ಕಂತೆ ಪದ ಕವಲೊಡೆದಿದೆ. ಪಟ್ಟಿಯ ಎಡಗಡೆ 'ಹಲ್ಲು' ಎಂದು ಬರೆದು ಬಲಗಡೆ ಒಂದೇ ಪದ ಬರೆಯುವುದು ಇಲ್ಲಿಗೇ ಅಸಾಧ್ಯವಾಯಿತು.

ಈಗ ಗಾಡಿ. 'ಚಿರ್ರಿಯಾರ್' ಎಂಬ ಪದ ಸ್ಪಷ್ಟವಾಗಿ ಅನುಕರಣಜನ್ಯ. ಬಾಗಿಲ ಕೀಲು, ಬಾಣಲೆಗೆ ಬಿದ್ದ ಹಂದಿಯ ಕೊಬ್ಬು, ರಾತ್ರಿಯ ಜೀರುಂಡೆ, ಎಣ್ಣೆಯಿಲ್ಲದ ಚಕ್ರ ಇವೆಲ್ಲವೂ ಅದರ ವ್ಯಾಪ್ತಿಯಲ್ಲಿವೆ. ಅಪಶ್ರುತಿಯಲ್ಲಿ ಹಾಡುವವರನ್ನು ಹಳಿಯಲೂ ಅದನ್ನು ಬಳಸುತ್ತಾರೆ. ಆದ್ದರಿಂದ ಅದು ಬರಿಯ ವರ್ಣನೆಯಲ್ಲ, ಅದರಲ್ಲೊಂದು ದೂರಿದೆ. ಅಚ್ಚು ಗಾಲಿಗಳೊಡನೆ ತಾನೂ ತಿರುಗುವ, ವಿಪರೀತ ಕಿರುಗುಟ್ಟುವ ಇಬ್ಬದಿ ಗಾಲಿಯ ಗಾಡಿಗೆ 'ಚಿರ್ರಿಯೋನ್' ಎಂಬ ಹೆಸರೇ ಇದೆ. ಸ್ಪೇನಿನ ವಾಯವ್ಯ ಮೂಲೆಯ ಗಲೀಸಿಯದಲ್ಲಿ ಇಂಥದೇ ತಿರುಗುವ ಅಚ್ಚಿನ ಗಾಡಿಗಳು ಇಪ್ಪತ್ತನೆಯ ಶತಮಾನದವರೆಗೂ ಬಳಕೆಯಲ್ಲಿದ್ದವು. ಮರಕ್ಕೆ ಮರ ಉಜ್ಜಿ ಹೊರಡುತ್ತಿದ್ದ ಅವುಗಳ ಧ್ವನಿ ಬಲುದೂರ ಕೇಳುತ್ತಿತ್ತು. ಇಕ್ಕಟ್ಟಾದ ಗಾಡಿಜಾಡಿನಲ್ಲಿ ಎದುರಿನಿಂದ ಬರುವವರಿಗೆ ಅದೇ ಮುನ್ಸೂಚನೆ. ಅಲ್ಲಿನ ರೈತರು ಈ ಸದ್ದಿಗೆ 'ಚಿರ್ರಿಯಾರ್' ಎನ್ನಲಿಲ್ಲ. ತಮ್ಮ ನುಡಿಯಲ್ಲಿ 'ಗಾಡಿ ಹಾಡುತ್ತದೆ' ಎಂದರು. ಹಾಡದ ಗಾಡಿ ಅವರಿಗೆ ಒಳ್ಳೆಯ ಗಾಡಿಯಲ್ಲ. ಪಟ್ಟಣದವರ ಕಿವಿಗೆ ಅದೇ ಅಸಹನೀಯ ಕಿರಿಕಿರಿ.

ಇದಕ್ಕೆ ಅಟ್ಲಾಂಟಿಕ್ ಸಾಗರದಾಚೆಯ ಒಂದು ಸಾಕ್ಷ್ಯವನ್ನು ಜೋಡಿಸಬಹುದು. ಉರುಗ್ವೆಯ ಕವಿ ರೊಮಿಲ್ದೊ ರಿಸ್ಸೊ ರಚಿಸಿದ, ಅರ್ಜೆಂಟೀನದ ಜನಪದ ಗಾಯಕ ಅತಾವಾಲ್ಪ ಯುಪಾಂಕಿ (1908-1992) ಸ್ವರ ಹಾಕಿ ಹಾಡಿದ 'ನನ್ನ ಗಾಡಿಯ ಅಚ್ಚುಗಳು' ಎಂಬ ಅರ್ಥದ ಹಾಡು ಸ್ಪ್ಯಾನಿಷ್ ಬಲ್ಲ ನಾಡುಗಳಲ್ಲೆಲ್ಲ ಪ್ರಸಿದ್ಧ. ಅಚ್ಚಿಗೆ ಎಣ್ಣೆ ಹಾಕದ ಗಾಡಿಯವನನ್ನು ಜನ ಸೋಮಾರಿಯೆನ್ನುತ್ತಾರೆ. ಅವನೋ, ಅದರ ಸದ್ದು ತನಗೆ ಇಷ್ಟವೆಂದೂ, ಒಂಟಿ ದಾರಿಯಲ್ಲಿ ತನಗೆ ಬೇರೆ ಜತೆಯಿಲ್ಲವೆಂದೂ ಉತ್ತರಿಸುತ್ತಾನೆ. ಈ ಹಾಡಿನಲ್ಲಿ ಗಾಡಿಯವನು ತನ್ನ ಅಚ್ಚಿನ ಸದ್ದಿಗೆ ಬಳಸುವ ಪದ ಯಾವುದು? ಪಟ್ಟಿಯ ಪ್ರಕಾರ ಅಲ್ಲಿ 'ಚಿರ್ರಿಯಾರ್' ಬರಬೇಕು. ಬಂದಿರುವುದು ಸರಳವಾದ 'ಸೊನಾರ್'. ದೂರುವವರ ಪದವನ್ನು ಅವನು ಒಪ್ಪಿಕೊಳ್ಳುವುದಿಲ್ಲ; 'ಹಾಡುತ್ತದೆ' ಎಂದು ಮೆರೆಸುವುದೂ ಇಲ್ಲ. ಸದ್ದಾಗುತ್ತದೆ, ಆಗಲಿ, ಅಷ್ಟೆ. ಅನುವಾದಕನೊಬ್ಬ ಇಲ್ಲಿ 'ಕಿರುಗುಟ್ಟಲಿ' ಎಂದು ಬರೆದರೆ ನಿಘಂಟಿನ ದೃಷ್ಟಿಯಿಂದ ಹೆಚ್ಚು ನಿಖರವಾದೀತು. ಹಾಡು ಮಾತ್ರ ಎದುರುಪಕ್ಷದ ಕೈಗೆ ಹೋಗುತ್ತದೆ. ಒಂದೇ ಅಚ್ಚಿಗೆ ಪಟ್ಟಣಿಗ, ರೈತ, ಒಂಟಿ ಗಾಡಿಗ ಮೂವರೂ ಬೇರೆಬೇರೆ ಪದ ಹಿಡಿದಿದ್ದಾರೆ. ಮೂವರಲ್ಲಿ ಯಾರ ಪದವೂ ತಪ್ಪಲ್ಲ.

ಅನುಕರಣವಾದಿಗಳಿಗೆ ಈ ಉದಾಹರಣೆ ಇಷ್ಟವಾಗಲಾರದು. ಸ್ಪೇನಿನ ಭಾಷಾವಿದ್ವಾಂಸ ವಿಸೆಂತೆ ಗಾರ್ಸಿಯಾ ದೆ ದಿಯೇಗೊ 1968ರಲ್ಲಿ ಪ್ರಕಟಿಸಿದ ನಿಸರ್ಗಧ್ವನಿಪದಗಳ ಬೃಹತ್ ನಿಘಂಟು ಪರಿಶ್ರಮದ ದೃಷ್ಟಿಯಿಂದ ಮೆಚ್ಚಬೇಕಾದ ಗ್ರಂಥ. ಆದರೆ ಪದಗಳ ಮೂಲವನ್ನು ಪ್ರಕೃತಿಯ ಸದ್ದಿನಲ್ಲಿ ಅರಸುವ ಇಂಥ ಹಾದಿಯು ಕೇಳುವ ಮನುಷ್ಯನನ್ನು ಹಿನ್ನೆಲೆಗೆ ಸರಿಸುತ್ತದೆ. 1916ರಲ್ಲಿ ಮರಣೋತ್ತರವಾಗಿ ಪ್ರಕಟವಾದ ಸೊಸ್ಯೂರನ ಉಪನ್ಯಾಸಗಳಲ್ಲಿ ಇದಕ್ಕೆ ಒಂದು ಎಚ್ಚರಿಕೆಯಿದೆ. ಸಾವಿನ ಗಂಟೆಯನ್ನು ಸೂಚಿಸುವ ಫ್ರೆಂಚ್‌ನ 'ಗ್ಲಾ' ಎಂಬ ಪದ ಗಂಟೆಯ ಸದ್ದಿನಂತೆಯೇ ಕೇಳಿಸಿದರೂ ಅದು ತುತ್ತೂರಿಯ ಕರೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಸವೆದು ಬಂದದ್ದೆಂದು ಆತ ತೋರಿಸುತ್ತಾನೆ. ಗಂಟೆಯ ಪದಗಳ ವಿಷಯದಲ್ಲಿ ಈ ಎಚ್ಚರಿಕೆ ಸ್ಪ್ಯಾನಿಷ್‌ಗೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ.

ಗೋಪುರದ ದೊಡ್ಡ ಗಂಟೆಗೆ ಸಂಬಂಧಿಸಿದ ಮುಖ್ಯ ಕ್ರಿಯಾಪದಗಳನ್ನು ಪರಿಶೀಲಿಸೋಣ. 'ತನ್ಯೇರ್' ಲ್ಯಾಟಿನ್‌ನ ಮುಟ್ಟು ಎಂಬ ಧಾತುವಿನಿಂದ ಬಂದದ್ದು. ಹಿಂದೆ ತಂತಿವಾದ್ಯಗಳಿಗೂ ಇದೇ ಪದವಿತ್ತು. ನಿತ್ಯಬಳಕೆಯ 'ತೊಕಾರ್' ಎಂಬುದಕ್ಕೂ ಮುಟ್ಟು ಎಂದೇ ಅರ್ಥ. ಹಬ್ಬದ ಸಡಗರದ ಬಡಿತಕ್ಕೆ 'ರೆಪಿಕಾರ್'. ಅದರೊಳಗೆ ಚುಚ್ಚು, ಕುಕ್ಕು ಎಂಬ ಪದವಿದೆ. ಸಾವಿನ ಗಂಟೆಗೆ 'ದೊಬ್ಲಾರ್'. ಅದರ ಮೂಲಾರ್ಥ ಇಮ್ಮಡಿಸು, ಮಡಿಸು. ಹೆಮಿಂಗ್ವೆಯ 1940ರ ಕಾದಂಬರಿಯ ಸ್ಪ್ಯಾನಿಷ್ ಶೀರ್ಷಿಕೆಯಲ್ಲಿ ಗಂಟೆಗಳು ಮಾಡುವ ಕೆಲಸ ಇದೇ. ಗಂಟೆಯನ್ನು ಸುತ್ತು ತಿರುಗಿಸಿ ಬಾರಿಸುವುದು 'ವೊಲ್ತೆಯಾರ್', ಎಂದರೆ ತಿರುಗಿಸು. ಗಡಿಯಾರ ಗಂಟೆ ಹೊಡೆಯುವುದಕ್ಕೆ 'ದಾರ್', ಕೊಡು. ಇವುಗಳಲ್ಲಿ ಒಂದೂ ಗಂಟೆಯ ಸದ್ದನ್ನು ಅನುಕರಿಸುವುದಿಲ್ಲ! ಎಲ್ಲವೂ ಕೈಯ ಕೆಲಸದ ಹೆಸರುಗಳು. 'ತಲಾನ್ ತಲಾನ್' ಎಂಬ ಅನುಕರಣ ಇದೆ, ಆದರೆ ಅದು ಮಕ್ಕಳ ಆಟದಲ್ಲಿ. 'ತಿಂತಿನೆಯಾರ್' ಎಂಬ ಅನುಕರಣ ಕ್ರಿಯಾಪದವೂ ಇದೆ, ಆದರೆ ಅದು ಕಿರುಗಂಟೆಗೆ, ಗಾಜಿನ ಲೋಟಕ್ಕೆ. ಯಾವ ಸುದ್ದಿಯನ್ನೂ ಹೊರದ ಸದ್ದುಗಳಿಗೆ.

ಇಲ್ಲಿ ಒಂದು ನಿಯಮವನ್ನು ಊಹಿಸಬಹುದೆಂದು ತೋರುತ್ತದೆ. ಮನುಷ್ಯನ ಇಚ್ಛೆಯಿಲ್ಲದೆ ವಸ್ತುವಿನಿಂದ ತಾನೇ ಜಾರಿ ಹೊರಬರುವ ಸದ್ದನ್ನು ಭಾಷೆ ಅನುಕರಿಸಿ ಹೆಸರಿಸುತ್ತದೆ. ಸಮುದಾಯವು ತನ್ನ ವಶಕ್ಕೆ ತೆಗೆದುಕೊಂಡು ಸುದ್ದಿಗಾಗಿ ಬಳಸುವ ಸದ್ದನ್ನು ಅದು ಕ್ರಿಯೆಯಿಂದಲೂ ಉದ್ದೇಶದಿಂದಲೂ ಹೆಸರಿಸುತ್ತದೆ. ಬಾಗಿಲ ಕೀಲಿಗೆ 'ಚಿರ್ರಿಯಾರ್' ಇದೆ. ಅದೇ ಬಾಗಿಲನ್ನು ಅತಿಥಿ ತಟ್ಟಿದರೆ ಸ್ಪೇನಿನವರು 'ಬಾಗಿಲಿಗೆ ಕರೆಯುತ್ತಾರೆ' ಎಂಬ ಅರ್ಥದ ಕ್ರಿಯಾಪದ ಬಳಸುತ್ತಾರೆ. ಅರಗೋನ್ ಸೀಮೆಯ ಕಲಾಂದ ಎಂಬ ಊರಿನಲ್ಲಿ ಶುಭಶುಕ್ರವಾರದ ನಡುಹಗಲು ಊರಿನವರೆಲ್ಲ ಒಮ್ಮೆಲೇ ಡೋಲು ಬಾರಿಸಲು ತೊಡಗುವುದಕ್ಕೆ 'ಹೊತ್ತನ್ನು ಒಡೆಯುವುದು' ಎಂದೇ ಹೆಸರು. ಚಲನಚಿತ್ರ ನಿರ್ದೇಶಕ ಲೂಯಿಸ್ ಬುನ್ಯುವೆಲ್ ಹುಟ್ಟಿದ ಊರದು. ತನ್ನ 'ನಾಸಾರಿನ್' (1959) ಚಿತ್ರವನ್ನು ಆತ ಆ ಡೋಲುಗಳ ಸದ್ದಿನಿಂದಲೇ ಮುಗಿಸಿದ್ದಾನೆ. ಈ ಡೋಲುಗಳ ಆಚರಣೆ 2018ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಇದಕ್ಕೆ ಅಪವಾದಗಳಿರಬಹುದು, ಗುಡುಗಿನಂಥ ಅನುರಣನವನ್ನು ಹೇಳುವ 'ರೆತುಂಬಾರ್' ಡೋಲಿಗೂ ಸಲ್ಲುತ್ತದೆ. ಆದರೆ ಅದು ದೂರದಲ್ಲಿ ನಿಂತು ಕೇಳುವವನ ಪದ, ಬಾರಿಸುವವನದಲ್ಲ.

ಗಂಟೆಯ ಭಾಷೆ ಎಷ್ಟು ಸೂಕ್ಷ್ಮವಾಗಿತ್ತೆಂಬುದನ್ನು ಗಂಟೆಗಳನ್ನೇ ಸಾಂಪ್ರದಾಯಿಕ ಸಂವಹನ ಮಾಧ್ಯಮವಾಗಿ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಫ್ರಾನ್ಸೆಸ್ಕ್ ಯೋಪ್ ಇ ಬಾಯೊ ಅವರಂಥವರ ಕೆಲಸದಿಂದ ತಿಳಿಯಬಹುದು. ಸತ್ತವರಿಗೆ ಒಂದು ಬಡಿತವಾದರೆ, ಹಸುಗೂಸು ಸತ್ತಾಗ ಹಲವು ಊರುಗಳಲ್ಲಿ 'ಗ್ಲೋರಿಯ'ದ ಬಡಿತ. ಮಗು ನೇರ ಸ್ವರ್ಗಕ್ಕೆ ಹೋಯಿತೆಂಬ ನಂಬಿಕೆಯಿಂದ ಅದು ಶೋಕದ ಬಡಿತವಾಗುವುದಿಲ್ಲ. ಬೆಂಕಿ, ದಾಳಿ ಮೊದಲಾದ ಆಪತ್ತಿಗೆ 'ರೆಬಾತೊ'. ಇದು ಅರಬ್ಬಿ ಮೂಲದ ಪದ. ಆಲಿಕಲ್ಲು ಮಳೆಯ ಮೋಡ ಕವಿದಾಗ ಬಾರಿಸುವ ಬಡಿತಕ್ಕೆ ಕಸ್ತೀಲಿಯ ಪ್ರಾಂತದಲ್ಲಿ 'ತೆಂತೆ ನೂಬ್ಲೊ' ಎಂದು ಹೆಸರು - 'ನಿಲ್ಲು ಮೋಡವೇ'. ಅಂದರೆ ಗಂಟೆ ಮೋಡವನ್ನು ಉದ್ದೇಶಿಸಿ ನುಡಿಯುತ್ತಿದೆ. ಕೇಳುಗ ಮನುಷ್ಯನೇ ಆಗಬೇಕಾಗಿಲ್ಲ. ಪವಿತ್ರ ವಾರದ ಗುರುವಾರದಿಂದ ಈಸ್ಟರ್ ಜಾಗರಣೆಯವರೆಗೆ ಗಂಟೆಗಳು ಮೌನವಾಗುತ್ತವೆ. ಆಗ ಕಂಚಿನ ಬದಲು ಮರ. 'ಮತ್ರಾಕ' ಎಂಬ ಮರದ ಗಿರಕಿಯ ಸದ್ದಿನಿಂದ ಜನರನ್ನು ಕರೆಯುತ್ತಾರೆ. ಸುತ್ತಿಗೆ ಎಂಬ ಅರಬ್ಬಿ ಪದದಿಂದ ಬಂದ ಈ ವಾದ್ಯಕ್ಕೆ ಆ ಮೂರು ದಿನ ಗಂಟೆಯ ಸ್ಥಾನ. ಉಳಿದಂತೆ 'ಮತ್ರಾಕ ಕೊಡುವುದು' ಎಂದರೆ ಒಂದೇ ಮಾತನ್ನು ಹೇಳಿಹೇಳಿ ಪೀಡಿಸುವುದು. ವಾರ ಮುಗಿದೊಡನೆ ಪೂಜ್ಯವಾದ ಸದ್ದು ಬೈಗುಳಾಗಿಬಿಡುತ್ತದೆ.

ಈ ಹಿನ್ನೆಲೆಯಿಲ್ಲದೆ ಮೆಕ್ಸಿಕೊದ ಹ್ವಾನ್ ರುಲ್ಫೊನ 'ಪೆದ್ರೊ ಪಾರಾಮೊ' (1955) ಕಾದಂಬರಿಯ ಒಂದು ನಿರ್ಣಾಯಕ ಪ್ರಸಂಗವನ್ನು ಪೂರ್ಣವಾಗಿ ಓದಲಾಗದು. ರುಲ್ಫೊ ಈ ಕಾದಂಬರಿಗೆ ಮೊದಲು ಯೋಚಿಸಿದ್ದ ಹೆಸರುಗಳಲ್ಲಿ 'ಪಿಸುದನಿಗಳು' ಎಂಬರ್ಥದ್ದೂ ಒಂದು. ಸದ್ದುಗಳೇ ಈ ಕೃತಿಯ ಜೀವ. ಊರಿನ ಧಣಿ ಪೆದ್ರೊ ಪಾರಾಮೊ ಬಾಳೆಲ್ಲ ಹಂಬಲಿಸಿದ ಸುಸಾನಾ ಸಾನ್ ಹ್ವಾನ್ ತೀರಿಕೊಳ್ಳುತ್ತಾಳೆ. ಕೊಮಾಲದ ಗಂಟೆಗಳು ಮೊಳಗಲು ತೊಡಗುತ್ತವೆ. ಒಂದು ಇಗರ್ಜಿಯದಕ್ಕೆ ಇನ್ನೊಂದರದು ಸೇರಿ, ಹಗಲೂ ಇರುಳೂ ನಿಲ್ಲದೆ, ಮೂರು ದಿನಗಳಲ್ಲಿ ಜನರ ಕಿವಿಯೇ ಕಿವುಡಾಗುತ್ತದೆ. ಸದ್ದು ಕೇಳಿ ಸುತ್ತಲ ಊರುಗಳಿಂದ ಜನ ಬರುತ್ತಾರೆ. ವಾದ್ಯದವರು ಬರುತ್ತಾರೆ, ಸರ್ಕಸ್ಸೂ ಬರುತ್ತದೆ. ನೋಡನೋಡುತ್ತ ಜಾತ್ರೆಯೇ ನೆರೆಯುತ್ತದೆ. ಇದು ಶೋಕವೆಂದು ಅವರಿಗೆ ತಿಳಿಯಹೇಳುವ ದಾರಿಯೇ ಇರುವುದಿಲ್ಲ. ಧಣಿ ತಾನು ಕೈಕಟ್ಟಿ ಕುಳಿತು ಕೊಮಾಲವನ್ನು ಹಸಿವಿನಿಂದ ಸಾಯಿಸುವುದಾಗಿ ಶಪಥ ಮಾಡುತ್ತಾನೆ, ಹಾಗೆಯೇ ಮಾಡುತ್ತಾನೆ.

ಈ ಗಂಟೆಗಳಿಗೆ ರುಲ್ಫೊ ಆಯ್ದುಕೊಂಡ ಪದ 'ರೆಪಿಕೆ' - ಹಬ್ಬದ ಬಡಿತದ ಪದ. ಸಾವಿನ ಗಂಟೆಗೆ ಸಲ್ಲಬೇಕಾದ 'ದೊಬ್ಲಾರ್' ಅಲ್ಲ. ದಿನವೂ ಡಿಸೆಂಬರ್ 8, ಮಾತೆ ಮರಿಯಮ್ಮನ ನಿಷ್ಕಳಂಕ ಗರ್ಭೋದ್ಭವದ ಹಬ್ಬದ ದಿನ. ಹೀಗಾಗಿ ಹೊರಗಿನವರು ತಪ್ಪಾಗಿ ಕೇಳಿಸಿಕೊಂಡರೆಂದು ಹೇಳುವಂತಿಲ್ಲ. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಬಾರಿಸಿದ ಬಡಿತವೇ ಮೇರೆ ಮೀರಿತ್ತು. ಗಂಟೆಯ ವ್ಯಾಕರಣ ಒಬ್ಬ ಧಣಿಯ ದುಃಖದ ಅಳತೆಗೆ ಹಿಗ್ಗಿ ಹರಿದುಹೋಯಿತು, ಅದರೊಡನೆ ಊರೂ ಹೋಯಿತು. ವಿಮರ್ಶಕರು ಈ ಪ್ರಸಂಗವನ್ನು ಅಧಿಕಾರದ ಕ್ರೌರ್ಯಕ್ಕೆ ನಿದರ್ಶನವಾಗಿ ಓದುವುದು ನ್ಯಾಯವೇ. ಆದರೆ ಕ್ರೌರ್ಯಕ್ಕೆ ಮೊದಲು ಇಲ್ಲಿ ನಡೆದಿರುವುದು ಒಂದು ಸಾಮುದಾಯಿಕ ಸಂಕೇತವ್ಯವಸ್ಥೆಯ ಕುಸಿತ. ಅದನ್ನು ಕಾದಂಬರಿಕಾರ ಒಂದೇ ಪದದಲ್ಲಿ ಇಟ್ಟಿದ್ದಾನೆ. ಕನ್ನಡದಲ್ಲಿ 'ಗಂಟೆ ಬಾರಿಸಿತು' ಎಂದು ಬರೆದರೆ ಎರಡೂ ಬಡಿತಗಳು ಒಂದೇ ಆಗಿ, ಜಾತ್ರೆ ನೆರೆದದ್ದು ಕೇವಲ ವಿಚಿತ್ರ ಘಟನೆಯಾಗಿ ಕಾಣುತ್ತದೆ. 'ಹಬ್ಬದ ಗಂಟೆ ಮೊಳಗಿತು' ಎಂದು ಬಿಡಿಸಿ ಹೇಳಲು ಅನುವಾದಕ ಹಿಂಜರಿಯಬಾರದು.

ಸ್ಪ್ಯಾನಿಷ್ ಸಾಹಿತ್ಯ ಕನ್ನಡಕ್ಕೆ ಬಹುಮಟ್ಟಿಗೆ ಇಂಗ್ಲಿಷಿನ ಮೂಲಕ ಬಂದಿದೆ ಎಂಬುದನ್ನು ಇಲ್ಲಿ ನೆನೆಯಬೇಕು. ಗಂಟೆಗಳ ಮಟ್ಟಿಗೆ ಇಂಗ್ಲಿಷಿನಲ್ಲಿಯೂ ಸಾವಿನದಕ್ಕೊಂದು, ಸಡಗರದ್ದಕ್ಕೊಂದು ಪದವಿದೆ. ಆದ್ದರಿಂದ ನಷ್ಟ ಅಲ್ಲಿಯೇ ಆಗುತ್ತದೆಂದು ಹೇಳಲಾಗದು. ನಷ್ಟ ಬೇರೆ ಕಡೆ ಆಗುತ್ತದೆ. ಇಂಗ್ಲಿಷಿನ ಸದ್ದಿನ ಕ್ರಿಯಾಪದ ಚಲನೆಯನ್ನೂ ತಾನೇ ಹೊರಬಲ್ಲದು. ಗಾಡಿಯನ್ನು ದಿಬ್ಬದ ಮೇಲಕ್ಕೆ ಅದು ಕಿರುಗುಟ್ಟಿಯೇ ಹತ್ತಿಸಿಬಿಡುತ್ತದೆ, ಹತ್ತು ಎಂಬ ಬೇರೆ ಕ್ರಿಯಾಪದ ಬೇಕಿಲ್ಲ. ಲಿಯೊನಾರ್ಡ್ ಟಾಲ್ಮಿ ವಿವರಿಸಿರುವ ಭಾಷಾವರ್ಗೀಕರಣದಲ್ಲಿ ಸ್ಪ್ಯಾನಿಷ್ ಇದಕ್ಕೆ ಎದುರು ಬದಿಯದು. ಅಲ್ಲಿ ಗಾಡಿ 'ಚಿರ್ರಿಯಾಂದೊ' ದಿಬ್ಬ ಹತ್ತಬೇಕು. ನಮ್ಮಲ್ಲಿಯೂ ಅದು 'ಕಿರುಗುಟ್ಟುತ್ತ' ಹತ್ತುತ್ತದೆ. ಚಲನೆ ಒಂದು ಪದದಲ್ಲಿ, ಸದ್ದು ಇನ್ನೊಂದರಲ್ಲಿ. ಕನ್ನಡ ಸ್ಪ್ಯಾನಿಷ್‌ಗಳೆರಡೂ ಇಲ್ಲಿ ಒಂದೇ ನಡೆಯವು. ನಡುವಿನ ಇಂಗ್ಲಿಷ್ ಎರಡನ್ನೂ ಬೆಸೆದುಬಿಟ್ಟಾಗ ಕನ್ನಡ ಅನುವಾದಕ ಮತ್ತೆ ಬಿಡಿಸಬೇಕಾಗುತ್ತದೆ, ಹಲವೊಮ್ಮೆ ಸದ್ದನ್ನೇ ಕೈಬಿಡುತ್ತಾನೆ. ದೂರವಾಣಿ, ಗಂಟೆ, ಗುಂಯ್‌ಗುಡುವ ಕಿವಿ ಮೂರಕ್ಕೂ ಇಂಗ್ಲಿಷ್ ಒಂದೇ ಪದದಲ್ಲಿ ಸುಧಾರಿಸಿಕೊಳ್ಳುತ್ತದೆ. ಸ್ಪ್ಯಾನಿಷ್‌ನಲ್ಲಿ ಮೂರಕ್ಕೂ ಬೇರೆ, ಕನ್ನಡದಲ್ಲಿಯೂ ಬೇರೆ. ನೇರವಾಗಿ ಸ್ಪ್ಯಾನಿಷ್ ಕಲಿತು ಅನುವಾದಿಸುವವರಿಗೆ ಹಾದಿ ಹತ್ತಿರವಾಗುತ್ತದೆನ್ನಲು ಇದಕ್ಕಿಂತ ಸರಳವಾದ ಕಾರಣ ಬೇಡ.

ಸ್ಪೇನಿನಲ್ಲಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅನೇಕ ಗೋಪುರಗಳಿಗೆ ವಿದ್ಯುತ್ ಯಂತ್ರಗಳು ಬಂದವು, ಗಂಟೆ ಬಾರಿಸುವವರು ಇಳಿದುಹೋದರು. ಕೈಯಿಂದ ಗಂಟೆ ಬಾರಿಸುವ ಕಲೆಯನ್ನು ಆ ದೇಶ 2019ರಲ್ಲಿ ಅಮೂರ್ತ ಪರಂಪರೆಯೆಂದು ಘೋಷಿಸಿತು. 2022ರಲ್ಲಿ ಯುನೆಸ್ಕೊ ಅದನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಕ್ರಿಯಾಪದಗಳೆಲ್ಲ ಕೈಯ ಕೆಲಸದಿಂದ ಹುಟ್ಟಿದ್ದವೆಂಬುದನ್ನು ನೆನೆದರೆ ಈ ಘೋಷಣೆಯ ಮಹತ್ವ ತಿಳಿಯುತ್ತದೆ. ಯಂತ್ರದ ಸುತ್ತಿಗೆ ಬಡಿದಾಗ ಗಂಟೆ ಸದ್ದು ಮಾಡುತ್ತದೆ ನಿಜ. ಆದರೆ ಸತ್ತವನು ಗಂಡಸೋ ಹೆಂಗಸೋ ಮಗುವೋ ಎಂದು ಹೊಲದಲ್ಲಿ ನಿಂತವನು ಅದರಿಂದ ತಿಳಿಯಬೇಕಾದರೆ ಅಷ್ಟೂ ಬಡಿತಗಳನ್ನು ಯಾರಾದರೂ ಯಂತ್ರಕ್ಕೆ ಕಲಿಸಿರಬೇಕು.

ನಮ್ಮ ಕ್ಷೇತ್ರಕಾರ್ಯಕ್ಕೆ ಇದರಿಂದ ಒಂದು ಪ್ರಶ್ನೆ ಏಳುತ್ತದೆ. ವಾದ್ಯಗಳ ಬಗ್ಗೆ ನಾವು ಬರೆದಿರುವ ಬರಹಗಳಲ್ಲಿ ಅಳತೆ, ಚರ್ಮ, ಹದ ಎಲ್ಲ ಇರುತ್ತವೆ. ಸದ್ದಿಗೆ 'ಢಣಢಣ', 'ಡಂಡಂ' ಎಂಬ ಅನುಕರಣವೂ ಇರುತ್ತದೆ. ಆ ಸದ್ದಿಗೆ ಯಾರು ಯಾವ ಕ್ರಿಯಾಪದ ಬಳಸಿದರೆಂಬ ದಾಖಲೆ ಅಪರೂಪ. ವೀಣೆಯನ್ನು 'ನುಡಿಸುತ್ತಾರೆ', ಮೃದಂಗವನ್ನೂ 'ನುಡಿಸುತ್ತಾರೆ'; ತಮಟೆಯನ್ನು ಮಾತ್ರ 'ಬಡಿಯುತ್ತಾರೆ'. ಸಾವಿಗೊಂದು ಗತ್ತು, ಜಾತ್ರೆಗೊಂದು ಗತ್ತು, ಮೆರವಣಿಗೆಗೆ ಇನ್ನೊಂದು ಎಂದು ಸ್ಪೇನಿನ ಗಂಟೆಗಳಂತೆಯೇ ಸುದ್ದಿ ಹೊತ್ತು ತಿರುಗುವ ಈ ವಾದ್ಯದ ಭೇದಗಳೆಲ್ಲ ಆ ಒಂದು ಕ್ರಿಯಾಪದದಡಿ ಮುಚ್ಚಿಹೋಗಿವೆ. ಆ ಪದ ಚರ್ಮದ ಗುಣದಿಂದ ಬಂದುದಲ್ಲ; ಮೃದಂಗವೂ ಚರ್ಮವಾದ್ಯವೇ. ಅದು ಬಂದಿರುವುದು ಬಾರಿಸುವವರನ್ನು ಊರು ಎಲ್ಲಿ ನಿಲ್ಲಿಸಿತ್ತು ಎಂಬುದರಿಂದ. ಉತ್ಸವಗಳ ಆಹ್ವಾನಪತ್ರಿಕೆಗಳಲ್ಲಿ ಈಚೆಗೆ 'ತಮಟೆ ವಾದನ' ಎಂದು ಅಚ್ಚಾಗುತ್ತದೆ. ಅದೇ ಕಲಾವಿದರನ್ನು ಸಾವಿನ ಮನೆಯ ಮುಂದಕ್ಕೆ ಕರೆಯುವಾಗ ಊರಿನವರು ಹೇಳುವ ಮಾತು ಇನ್ನೂ ಹಳೆಯದೇ. ಕಲಾವಿದರು ತಮ್ಮತಮ್ಮೊಳಗೆ ಅದಕ್ಕೆ ಏನೆನ್ನುತ್ತಾರೆಂಬುದನ್ನು ಇನ್ನು ಮುಂದಾದರೂ ಕೇಳಿ ಬರೆದುಕೊಳ್ಳಬೇಕಾಗಿದೆ.